ಬಂದು ಹೋಗುವ ದೋಷ: ಹಳೆಯ ವಾಲ್ವ್ ರಿಸೀವರ್‌ಗಳಲ್ಲಿ ಅದನ್ನು ಹಿಡಿಯುವ ಬಗೆ

ಟ್ರಾನ್ಸಿಸ್ಟರ್ ಬರುವ ಮೊದಲಿನ, ವಾಲ್ವ್ (ನಿರ್ವಾತ ನಳಿಕೆ) ಇರುವ ರೇಡಿಯೊ ರಿಸೀವರ್ ಪೂರ್ತಿ ಸತ್ತಿದ್ದರೆ ಅದನ್ನು ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮೀಟರ್ ಹಿಡಿದು ಪವರ್ ಸಪ್ಲೈಯಿಂದ ಹೊರಟರೆ ವೋಲ್ಟೇಜ್ ಎಲ್ಲಿ ನಿಂತಿದೆ ಎಂಬುದು ಒಂದು ಸಂಜೆಯೊಳಗೆ ತಿಳಿಯುತ್ತದೆ. ಜೀವ ತಿನ್ನುವುದು ಇನ್ನೊಂದು ಬಗೆಯ ಸೆಟ್. ಅರ್ಧ ಗಂಟೆ ಚೆನ್ನಾಗಿ ಮಾತಾಡುತ್ತದೆ, ಆಮೇಲೆ ದನಿ ಇಳಿಯುತ್ತದೆ, ಪರೀಕ್ಷಿಸಲೆಂದು ಮುಚ್ಚಳ ತೆಗೆದ ಕೂಡಲೇ ಮತ್ತೆ ಸರಿಹೋಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಮಾಲಿನಲ್ಲಿ (ಸೇನೆ ಮಾರಿದ ಹೆಚ್ಚುವರಿ ಸಾಮಾನಿನಲ್ಲಿ) ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಕೈಸೇರಿದ ಆರ್‌ಸಿಎ ಎಆರ್-88, ಬಿಸಿ-348 (BC-348), ನ್ಯಾಷನಲ್ ಎಚ್‌ಆರ್‌ಒ ಸೆಟ್‌ಗಳಾಗಲಿ, ನಂತರದ ಹ್ಯಾಲಿಕ್ರಾಫ್ಟರ್ಸ್, ಎಡಿಸ್ಟೋನ್‌ಗಳಾಗಲಿ ಈಗ ಈ ಕಾಯಿಲೆಯ ವಯಸ್ಸಿಗೆ ಬಂದಿವೆ. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಆರಂಭಿಸಿದ ಮೈಸೂರಿನಲ್ಲಿ, ಇಂಥ ಸೆಟ್ ಗುಜರಿಗೆ ಹೋಗುವುದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ. ಗುಜರಿಗೆ ಹೋಗುವ ಬಹುಪಾಲು ಸೆಟ್‌ಗಳಲ್ಲಿ ಕೆಟ್ಟಿರುವುದು ಒಂದೇ ಒಂದು ಭಾಗ. ಅದು ಯಾವುದೆಂದು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ, ಅಷ್ಟೇ.

ನನ್ನ ಸಲಹೆಯ ತಿರುಳು ಇಷ್ಟು: ದೋಷವನ್ನು ನೀವು ಬೇಕೆಂದಾಗ ಬರಿಸಬಲ್ಲಿರಾದರೆ ಮಾತ್ರ ರಿಪೇರಿಗೆ ಕೈಹಾಕಿ. ಅಲ್ಲಿಯವರೆಗೆ ಒಂದು ರೆಸಿಸ್ಟರ್ ಅನ್ನೂ ಬದಲಾಯಿಸಬೇಡಿ. ವಾಲ್ವ್‌ಗಳನ್ನೆಲ್ಲ ಕಿತ್ತು ಮತ್ತೆ ಕೂರಿಸಿದಾಗ, ಕಂಡೆನ್ಸರ್‌ಗಳನ್ನೆಲ್ಲ ಹೊಸದು ಮಾಡಿದಾಗ ಆ ಅಲುಗಾಟಕ್ಕೇ ದೋಷ ಕೆಲವು ದಿನ ಅಡಗಿ ಕೂರುತ್ತದೆ. ರಿಪೇರಿ ಆಯಿತೆಂದು ಸೆಟ್ ಮುಚ್ಚುತ್ತೀರಿ, ಹದಿನೈದು ದಿನಕ್ಕೆ ಅದು ಮತ್ತೆ ಹಾಜರು. ಅಷ್ಟರಲ್ಲಿ ಹಳೆಯ ಸುಳಿವುಗಳೆಲ್ಲ ಅಳಿಸಿಹೋಗಿರುತ್ತವೆ.

ಮೊದಲು ಪ್ರಾಣ

ವಾಲ್ವ್ ಸೆಟ್‌ನ ಎಚ್‌ಟಿ, ಅಂದರೆ ವಾಲ್ವ್‌ಗಳಿಗೆ ಹೋಗುವ ಹೈ ಟೆನ್ಷನ್ ವೋಲ್ಟೇಜ್, ಸಾಮಾನ್ಯವಾಗಿ 200ರಿಂದ 300 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರುತ್ತದೆ. 10 ಕಿಲೋಓಮ್, 5 ವಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಜೋಡಿಸಿಟ್ಟುಕೊಂಡು, ಪ್ರತಿ ಸಲವೂ ಅದರ ಮೂಲಕ ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈಯಿಡಿ. ಸೆಟ್ ಚಾಲೂ ಇರುವಾಗ ಒಂದು ಕೈ ಬೆನ್ನ ಹಿಂದೆ ಇರಲಿ.

ಹ್ಯಾಲಿಕ್ರಾಫ್ಟರ್ಸ್ ಎಸ್-38ರಂಥ ಎಸಿ-ಡಿಸಿ ಸೆಟ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ. ಪ್ಲಗ್ ತಿರುಗಿಸಿ ಹಾಕಿದರೆ ಷಾಸಿಗೇ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೇ) ಫೇಸ್ ಬರಬಹುದು. ಅವು 115 ವೋಲ್ಟ್‌ನ ಸೆಟ್‌ಗಳಾದ್ದರಿಂದ ನಮ್ಮಲ್ಲಿ ಸ್ಟೆಪ್‌ಡೌನ್ ಹೇಗೂ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಸ್ಟೆಪ್‌ಡೌನ್‌ಗಳಲ್ಲಿ ಅನೇಕವು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಅವು ವೋಲ್ಟೇಜ್ ಇಳಿಸುತ್ತವೆ, ನಿಮ್ಮನ್ನು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಎರಡು ಪ್ರತ್ಯೇಕ ಸುತ್ತುಗಳಿರುವ ಟ್ರಾನ್ಸ್‌ಫಾರ್ಮರ್ ಬೇಕೆಂದು ಕೇಳಿ, ಮೀಟರ್ ಇಟ್ಟು ನೋಡಿಯೇ ಕೊಳ್ಳಿ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ ಆದರೆ ಮೊದಲ ಸಲ ಸೀರೀಸ್ ಬಲ್ಬ್ ಮೂಲಕ, ಅಂದರೆ ಮೇನ್ಸ್ ಮತ್ತು ಸೆಟ್ ನಡುವೆ ಒಂದು ಬಲ್ಬ್ ಸೇರಿಸಿ, ಹಚ್ಚಿ. ಹಳೆಯ ಮಾದರಿಯ, ತಂತಿ ಉರಿಯುವ 60 ಅಥವಾ 100 ವಾಟ್ ಬಲ್ಬೇ ಆಗಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ದೋಷ ಸೆಟ್ಟಿನಲ್ಲೇ ಇದೆಯೇ?

ಏರಿಯಲ್ ತಂತಿ ತೆಗೆದು, ಏರಿಯಲ್ ಮತ್ತು ಅರ್ತ್ ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ. ಕರಕರ ನಿಂತರೆ ಸೆಟ್ ಬಿಚ್ಚುವ ಅವಸರ ಬೇಡ. ಮಂಡ್ಯ ಕಡೆ ತೆಂಗಿನ ಮರಗಳ ನಡುವೆ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ತಂತಿ ಏರಿಯಲ್) ಕಟ್ಟುವುದು ರೂಢಿ; ಮರ ತೂಗುತ್ತದೆ, ಜೊತೆಗೆ ತಂತಿಯೂ ಜಗ್ಗುತ್ತದೆ. ನಡುವಿನ ಬೆಸುಗೆ ಒಂದು ಮಳೆಗಾಲದಲ್ಲೇ ಹಸಿರುಗಟ್ಟುತ್ತದೆ. ಗಾಳಿ ಬೀಸಿದಾಗ ಮಾತ್ರ ಬರುವ ಕರಕರವನ್ನು ಬ್ಯಾಂಡ್ ಸ್ವಿಚ್ಚಿನ ತಲೆಗೆ ಕಟ್ಟಿ ಅದನ್ನು ಉಜ್ಜಿ ಉಜ್ಜಿ ಹಾಳುಮಾಡಿದವರನ್ನು ಕಂಡಿದ್ದೇನೆ. ಬ್ಯಾಟರಿಯಲ್ಲಿ ಓಡುವ ಟ್ರಾನ್ಸಿಸ್ಟರ್ ಸೆಟ್ ಒಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ಒಂದೇ ಕ್ಷಣಕ್ಕೆ ಸದ್ದು ಬಂದರೆ ಅದು ಪಕ್ಕದ ಮನೆಯ ಇನ್ವರ್ಟರ್ ಇರಬಹುದು, ಕೆಟ್ಟ ಎಲ್‌ಇಡಿ ಬಲ್ಬ್ ಇರಬಹುದು, ಕಂಬದ ಮೇಲಿನ ಸಡಿಲ ತಂತಿಯೂ ಇರಬಹುದು.

ಕಿವಿಯಿಂದ ಸಿಗುವ ಸುಳಿವು

ಈಗ ಒಂದು ನೋಟ್‌ಪುಸ್ತಕ ತೆಗೆಯಿರಿ. ದೋಷ ಬಂದ ಹೊತ್ತು, ಹಚ್ಚಿ ಎಷ್ಟು ನಿಮಿಷವಾಗಿತ್ತು, ಯಾವ ಬ್ಯಾಂಡು, ಮೇನ್ಸ್ ವೋಲ್ಟೇಜ್ ಎಷ್ಟಿತ್ತು, ಎಸ್-ಮೀಟರ್ (ಸಿಗ್ನಲ್ ಬಲ ತೋರಿಸುವ ಮೀಟರ್) ಏನು ಮಾಡಿತು ಎಂಬುದನ್ನೆಲ್ಲ ಬರೆಯಿರಿ. ಸದ್ದನ್ನೂ ಕೇಳಿದ ಹಾಗೆಯೇ ಬರೆಯಿರಿ. ದೂರದ ಸಿಡಿಲಿನಂತೆ ಚಟಪಟ ಎನ್ನುತ್ತಿದ್ದರೆ ಅದು ಹೆಚ್ಚಾಗಿ ಮೈಕಾ ಕಂಡೆನ್ಸರ್ ಅಥವಾ ಪ್ಲೇಟ್ ರೆಸಿಸ್ಟರ್. ಡಯಲ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ಡಯಲ್ ಜೊತೆ ತಿರುಗುವ ಗ್ಯಾಂಗ್ ಕಂಡೆನ್ಸರ್. ನಿಧಾನವಾಗಿ ಗುಂಯ್ ಎಂದು ಹಮ್ ಏರುತ್ತಾ ಬಂದರೆ ವಾಲ್ವ್‌ನ ಕಾಯುವ ತಂತಿಯಾದ ಹೀಟರ್‌ನಿಂದ, ಅದು ಕಾಯಿಸುವ ಕ್ಯಾಥೋಡ್‌ಗೆ ಲೀಕೇಜ್ ಅಥವಾ ಫಿಲ್ಟರ್ ಕಂಡೆನ್ಸರ್. ಟಕ್ಕೆಂದು ದನಿ ಅರ್ಧಕ್ಕೆ ಇಳಿದರೆ ಎಲ್ಲೋ ಒಂದು ಬೆಸುಗೆ ಬಿಟ್ಟಿದೆ, ಇಲ್ಲವೇ ಒಂದು ಬೈಪಾಸ್ ಕಂಡೆನ್ಸರ್‌ನ ಕಾಲು ಒಳಗೇ ಕಳಚಿದೆ. ಇವು ಊಹೆಗಳು ಮಾತ್ರ, ಆದರೆ ಎಲ್ಲಿಂದ ಶುರುಮಾಡಬೇಕೆಂಬುದಕ್ಕೆ ಸಾಕು.

ಎಸ್-ಮೀಟರ್ ಇರುವ ಸೆಟ್ ಆದರೆ ನಿಮ್ಮ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ದನಿಯ ಜೊತೆಗೆ ಮೀಟರ್ ಮುಳ್ಳೂ ಬಿದ್ದರೆ ದೋಷ ಡಿಟೆಕ್ಟರ್‌ಗಿಂತ (ಸಿಗ್ನಲ್‌ನಿಂದ ದನಿ ಬೇರ್ಪಡಿಸುವ ಹಂತಕ್ಕಿಂತ) ಮೊದಲಿನ ಹಂತಗಳಲ್ಲಿದೆ. ದನಿ ಹೋಗಿಯೂ ಮುಳ್ಳು ನಿಂತಲ್ಲೇ ನಿಂತಿದ್ದರೆ ಆಡಿಯೊ ಭಾಗವನ್ನು ನೋಡಿ. ಸ್ಟೇಷನ್‌ಗಳು ಹೋದರೂ ಹಿನ್ನೆಲೆಯ ಬುಸ್ಸೆನ್ನುವ ಸದ್ದು ಉಳಿದಿದ್ದರೆ ಲೋಕಲ್ ಆಸಿಲೇಟರ್ (ಬಂದ ಸಿಗ್ನಲ್ ಜೊತೆ ಬೆರೆಸಲು ಸೆಟ್ಟಿನೊಳಗೇ ಇನ್ನೊಂದು ಸಿಗ್ನಲ್ ಹುಟ್ಟಿಸುವ ಹಂತ) ನಿಂತಿರುವ ಸಂಭವವೇ ಹೆಚ್ಚು.

ದೋಷವನ್ನು ಕರೆಯುವ ನಾಲ್ಕು ದಾರಿಗಳು

ಅಲುಗಾಟ, ಬಿಸಿ, ತೇವ, ವೋಲ್ಟೇಜ್. ಬಂದು ಹೋಗುವ ದೋಷ ಇವುಗಳಲ್ಲಿ ಒಂದಕ್ಕಾದರೂ ಓಗೊಡುತ್ತದೆ.

ಅಲುಗಾಟಕ್ಕೆ ಒಣಗಿದ ಬಿದಿರಿನ ಕಡ್ಡಿ ಸಾಕು. ಪೆನ್ಸಿಲ್ ಬೇಡ, ಅದರ ಸೀಸದಲ್ಲಿ ಕರೆಂಟ್ ಹರಿಯುತ್ತದೆ. ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿ, ಆಮೇಲೆ ಸೆಟ್ ಮಗುಚಿ ಒಂದೊಂದೇ ರೆಸಿಸ್ಟರ್, ಒಂದೊಂದೇ ಬೆಸುಗೆಯನ್ನು ತಳ್ಳಿ ನೋಡಿ. ತಟ್ಟುವ ರಭಸ ಹೆಚ್ಚಾದರೆ ಷಾಸಿಯೇ ನಡುಗಿ ಎಲ್ಲಿ ತಟ್ಟಿದರೂ ಸದ್ದು ಬರುತ್ತದೆ; ಆಗ ಏನೂ ಗೊತ್ತಾಗುವುದಿಲ್ಲ. ಬೆರಳ ತುದಿಯಷ್ಟು ಒತ್ತಡಕ್ಕೆ ದೋಷ ಬರುವ ಜಾಗ ಸಿಗುವವರೆಗೆ ಬಲವನ್ನು ಕಡಿಮೆ ಮಾಡುತ್ತಾ ಹೋಗಿ.

ಬಿಸಿಗೆ ಹೇರ್ ಡ್ರೈಯರ್. ಒಂದು ರಟ್ಟಿನ ತುಂಡಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಗಾಳಿ ಒಂದೇ ಭಾಗಕ್ಕೆ ತಗಲುವಂತೆ ಹಿಡಿಯಿರಿ. ಮೇಣದ ಕಾಗದದ ಕಂಡೆನ್ಸರ್‌ಗಳ ಹತ್ತಿರ ಮಿತಿ ಇರಲಿ, ಮೇಣ ಕರಗಬಾರದು. ಬಿಸಿಯಾದ ಮೇಲೆ ಬರುವ ದೋಷವಾದರೆ ಫ್ರೀಜರ್ ಸ್ಪ್ರೇಯಿಂದ ಒಂದೊಂದೇ ಭಾಗವನ್ನು ತಣ್ಣಗಾಗಿಸಿ. ಬಿಸಿ ವಾಲ್ವ್‌ನ ಗಾಜಿಗೆ ಮಾತ್ರ ಅದು ತಾಗಬಾರದು, ಗಾಜು ಬಿರಿಯುತ್ತದೆ.

ತೇವದ ದೋಷಗಳು ಜೂನ್‌ನಿಂದ ಶುರು. ನಾಲೆ ಬಯಲಿನ ಮನೆಗಳಲ್ಲಿ ಗದ್ದೆಗೆ ನೀರು ಬಿಟ್ಟಾಗಲೂ ಬರುತ್ತವೆ. ಸೆಟ್ ಹಚ್ಚಿದ ಮೊದಲ ಹತ್ತು ನಿಮಿಷ ಗದ್ದಲ, ಬಿಸಿಯಾದ ಮೇಲೆ ಶಾಂತ ಎಂದರೆ ಅದು ತೇವವೇ. ಒಳಗೆ ಕಣ್ಣಾಡಿಸಿ. ಕಣಜದ ಮಣ್ಣಿನ ಗೂಡು ಐಎಫ್‌ಟಿ (ಮಧ್ಯಂತರ ಫ್ರೀಕ್ವೆನ್ಸಿಯ ಟ್ರಾನ್ಸ್‌ಫಾರ್ಮರ್) ಡಬ್ಬಿಯೊಳಗೆ, ಬ್ಯಾಂಡ್ ಸ್ವಿಚ್ಚಿನ ಹಿಂದೆ ಇರುವುದುಂಟು. ಒಣಗಿದಾಗ ನಿರುಪದ್ರವಿಯಾದ ಆ ಮಣ್ಣು ತೇವ ಹೀರಿದಾಗ ಕರೆಂಟಿಗೆ ದಾರಿಯಾಗುತ್ತದೆ. ಸೆಟ್ ಇಡುವ ಬೀರುವಿನಲ್ಲಿ ತಂತಿಯ 15 ವಾಟ್ ಬಲ್ಬ್ ಒಂದು ಉರಿಯುತ್ತಿದ್ದರೆ ಮಳೆಗಾಲ ಸುಲಭವಾಗಿ ಕಳೆಯುತ್ತದೆ.

ವೋಲ್ಟೇಜ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ಮೋಸ ಮಾಡುವುದು ಇದೇ. ಹೊರದೇಶದ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲೂ ಸಿಗುವುದಿಲ್ಲ; ಅಲ್ಲಿನ ಮೇನ್ಸ್ ನಿಂತಲ್ಲಿ ನಿಲ್ಲುತ್ತದೆ. ಇಲ್ಲಿ ಕಬ್ಬಿಗೂ ಭತ್ತಕ್ಕೂ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಮನೆಯ 230 ವೋಲ್ಟ್ 190ಕ್ಕೆ ಇಳಿಯುವುದು ಹೊಸದಲ್ಲ. 6.3 ವೋಲ್ಟ್‌ನ ಹೀಟರ್‌ಗೆ ಆಗ ಸಿಗುವುದು 5.2 ವೋಲ್ಟ್. ಗಟ್ಟಿ ವಾಲ್ವ್ ಅದನ್ನು ತಡೆದುಕೊಳ್ಳುತ್ತದೆ. ಸವೆದ ವಾಲ್ವ್‌ನ ಕ್ಯಾಥೋಡ್ ತಣ್ಣಗಾಗಿ ಎಮಿಷನ್ (ಎಲೆಕ್ಟ್ರಾನ್ ಹೊರಸೂಸುವಿಕೆ) ಕುಸಿಯುತ್ತದೆ. ಮೊದಲು ಕೈಕೊಡುವುದು ಲೋಕಲ್ ಆಸಿಲೇಟರ್, ಅದೂ ಮೇಲಿನ ಬ್ಯಾಂಡ್‌ಗಳಲ್ಲಿ.

ಮದ್ದೂರು ಕಡೆಯ ಗೆಳೆಯರೊಬ್ಬರ ಸೆಟ್‌ನಲ್ಲಿ ಆದದ್ದೂ ಇದೇ. ಹಗಲೆಲ್ಲ ಚೆನ್ನಾಗಿದ್ದ 20 ಮೀಟರ್ ಬ್ಯಾಂಡ್ ಸಂಜೆಯಾಗುತ್ತಲೇ ನಿಶ್ಶಬ್ದ, 40 ಮೀಟರ್ ಮಾತ್ರ ಎಂದಿನಂತೆ. ಕತ್ತಲಾದ ಮೇಲೆ 20 ಮೀಟರ್ ಮುಚ್ಚಿಹೋಗುವುದು ಎಲ್ಲ ಹ್ಯಾಮ್‌ಗಳಿಗೂ ಗೊತ್ತಿರುವ ಮಾತಾದ್ದರಿಂದ ಅವರು ಸೆಟ್ಟನ್ನು ಅನುಮಾನಿಸಲೇ ಇಲ್ಲ. ಮೈಸೂರಿಗೆ ತಂದು ಹಗಲಿನಲ್ಲೇ ವೇರಿಯಾಕ್ (ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಮೇಲೆ ಇಟ್ಟು ವೋಲ್ಟೇಜ್ ಇಳಿಸುತ್ತಾ ಬಂದೆವು. 195ರ ಹತ್ತಿರ 14 ಮೆಗಾಹರ್ಟ್ಸ್ (20 ಮೀಟರ್) ಸತ್ತಿತು, 7 ಮೆಗಾಹರ್ಟ್ಸ್ (40 ಮೀಟರ್) ಉಳಿಯಿತು. ಮತ್ತೆ ಏರಿಸಿದರೆ 14 ಎದ್ದು ಕೂತಿತು. ಆಸಿಲೇಟರ್ ವಾಲ್ವ್ ಒಂದನ್ನೇ ಬದಲಿಸಿದ ಮೇಲೆ 180ರವರೆಗೂ ಅದು ಸಾಯಲಿಲ್ಲ.

ವೇರಿಯಾಕ್ ಸ್ವಂತದ್ದು ಇಲ್ಲದಿದ್ದರೆ ಕಾಲೇಜು ಪ್ರಯೋಗಾಲಯಗಳಲ್ಲಿ ಡಿಮ್ಮರ್‌ಸ್ಟಾಟ್ ಹೆಸರಿನಲ್ಲಿ ಇರುತ್ತದೆ, ಕೇಳಿ ನೋಡಿ. ಎಆರ್-88ರಂತೆ ವಿಆರ್-150 ಗ್ಯಾಸ್ ರೆಗ್ಯುಲೇಟರ್ ಇರುವ ಸೆಟ್‌ಗಳಲ್ಲಿ ಆ ವಾಲ್ವ್‌ನ ನೇರಳೆ ಬೆಳಕನ್ನೇ ಗಮನಿಸಿ: ಎಚ್‌ಟಿ ಸಾಕಾಗದೆ ಹೋದಾಗ ಬೆಳಕು ಆರುತ್ತದೆ, ಆ ಕ್ಷಣದಿಂದ ಆಸಿಲೇಟರ್‌ನ ವೋಲ್ಟೇಜ್ ಮೇನ್ಸ್ ಜೊತೆ ಅಲೆಯುತ್ತದೆ. ಮನೆಯಲ್ಲಿ ರಿಲೇ ಇರುವ ಸ್ಟೆಬಿಲೈಸರ್ ಇದ್ದರೆ ಅದರ ಟಕ್ ಸದ್ದಿಗೂ ನಿಮ್ಮ ಸೆಟ್‌ನಲ್ಲಿ ಫ್ರೀಕ್ವೆನ್ಸಿ ಜಿಗಿಯುವುದಕ್ಕೂ ಹೊತ್ತು ಹೊಂದುತ್ತದೆಯೇ ನೋಡಿ. ಹೊಂದಿದರೆ ಸರ್ವೋ ಸ್ಟೆಬಿಲೈಸರ್ ಹಾಕಿಸಿ. ಟ್ರಾನ್ಸ್‌ಫಾರ್ಮರ್‌ನ ಕೆಳಗಿನ ಟ್ಯಾಪ್‌ಗೆ ಬದಲಾಯಿಸುವ ಸುಲಭೋಪಾಯ ಬೇಡ. ಪಂಪ್‌ಗಳು ನಿಂತು ನಡುರಾತ್ರಿ ವೋಲ್ಟೇಜ್ 245ಕ್ಕೆ ಏರಿದಾಗ ಸುಡುವುದು ಆ ಟ್ರಾನ್ಸ್‌ಫಾರ್ಮರೇ, ಅದಕ್ಕೆ ಬದಲಿ ಸಿಗುವುದಿಲ್ಲ.

ಹಂತ ಹಂತವಾಗಿ ಸುತ್ತುಗಟ್ಟುವುದು

ದೋಷ ಬಂದ ಮೇಲೆ ಮೀಟರ್ ಹಿಡಿದು ಹೊರಟರೆ ಪ್ರೋಬ್ ತಗಲಿದ ಸಣ್ಣ ಆಘಾತಕ್ಕೇ ಅದು ಮಾಯವಾಗುತ್ತದೆ. ಹಾಗಾಗಿ ಮೀಟರ್‌ಗಳನ್ನು ಮೊದಲೇ ಕ್ಲಿಪ್‌ಗಳಿಂದ ಕಚ್ಚಿಸಿ ಕಾಯಬೇಕು. ಈಗ ಅಗ್ಗದ ಡಿಜಿಟಲ್ ಮೀಟರ್‌ಗಳೇ ಸಾಕಾಗುವುದರಿಂದ ಮೂರು ಇಟ್ಟುಕೊಳ್ಳಿ: ಒಂದು ಎಚ್‌ಟಿಗೆ, ಒಂದು ಎವಿಸಿ (ದನಿಯ ಮಟ್ಟವನ್ನು ತಾನಾಗಿ ಹದದಲ್ಲಿಡುವ) ಲೈನ್‌ಗೆ, ಇನ್ನೊಂದು ಆಸಿಲೇಟರ್ ಗ್ರಿಡ್‌ಗೆ (ವಾಲ್ವ್‌ನೊಳಗಿನ ಕರೆಂಟನ್ನು ನಿಯಂತ್ರಿಸುವ ತುದಿಗೆ), 1 ಮೆಗಾಓಮ್ ರೆಸಿಸ್ಟರ್ ಮೂಲಕ. ಆಸಿಲೇಟರ್ ಓಡುತ್ತಿದ್ದರೆ ಗ್ರಿಡ್‌ನಲ್ಲಿ ಕೆಲವು ವೋಲ್ಟ್ ನೆಗೆಟಿವ್ ಕಾಣುತ್ತದೆ. ನಿಂತರೆ ಸೊನ್ನೆಯ ಹತ್ತಿರ ಬರುತ್ತದೆ. ದೋಷ ಬಂದ ಕ್ಷಣ ಕೈ ಕಟ್ಟಿಕೊಂಡು ಮೂರನ್ನೂ ಓದಿ, ಬರೆದುಕೊಳ್ಳಿ.

ಸೆಟ್ಟನ್ನು ಮುಟ್ಟದೆಯೇ ಆಸಿಲೇಟರ್ ನೋಡುವ ಇನ್ನೊಂದು ದಾರಿ ನನಗೆ ಬಲು ಇಷ್ಟ. ಬಹುಮಟ್ಟಿಗೆ ಆಸಿಲೇಟರ್, ಕೇಳುವ ಫ್ರೀಕ್ವೆನ್ಸಿಗಿಂತ ಐಎಫ್‌ನಷ್ಟು (ಬಂದ ಸಿಗ್ನಲ್ಲನ್ನು ಸೆಟ್ ಬದಲಾಯಿಸಿಕೊಳ್ಳುವ ಮಧ್ಯಂತರ ಫ್ರೀಕ್ವೆನ್ಸಿಯಷ್ಟು) ಮೇಲಿರುತ್ತದೆ. ಮೀಡಿಯಂ ವೇವ್ ಇರುವ, 455 ಕಿಲೋಹರ್ಟ್ಸ್ ಐಎಫ್‌ನ ಸೆಟ್ಟನ್ನು ಬೆಂಗಳೂರು ಆಕಾಶವಾಣಿಯ 612ಕ್ಕೆ ಇಟ್ಟರೆ ಅದರ ಆಸಿಲೇಟರ್ 1067ರಲ್ಲಿ ಓಡುತ್ತಿರುತ್ತದೆ. ಪಕ್ಕದ ಟ್ರಾನ್ಸಿಸ್ಟರ್ ಸೆಟ್ಟನ್ನು ಅಲ್ಲಿಗೆ ತಿರುಗಿಸಿ. ಹಿನ್ನೆಲೆಯ ಗದ್ದಲ ಅಡಗಿ ಒಂದು ಮೌನ ಕೇಳಿಸುತ್ತದೆ. ದೋಷ ಬಂದಾಗ ಆ ಮೌನ ಉಳಿದರೆ ಆಸಿಲೇಟರ್ ನಿರಪರಾಧಿ. ಬಿಸಿ-348ರ ಐಎಫ್ 915, ಎಚ್‌ಆರ್‌ಒದ್ದು 456. ಈ ಎರಡರಲ್ಲೂ ಮೀಡಿಯಂ ವೇವ್ ಬದಲು ಶಾರ್ಟ್‌ವೇವ್‌ನಲ್ಲೇ ಇದೇ ಲೆಕ್ಕ ಹಾಕಿ ನೋಡಿ.

ಚಟಪಟ ಸದ್ದಾದರೆ 0.1 ಮೈಕ್ರೊಫ್ಯಾರಡ್, 630 ವೋಲ್ಟ್ ಕಂಡೆನ್ಸರ್‌ನ ಒಂದು ಕಾಲನ್ನು ಷಾಸಿಗೆ ಕಚ್ಚಿಸಿ, ಇನ್ನೊಂದನ್ನು ಔಟ್‌ಪುಟ್ ವಾಲ್ವ್‌ನಿಂದ ಹಿಂದಕ್ಕೆ ಒಂದೊಂದೇ ಗ್ರಿಡ್‌ಗೆ ತಗಲಿಸುತ್ತಾ ಹೋಗಿ. ತಗಲಿಸಿದರೂ ಸದ್ದು ಉಳಿದರೆ ದೋಷ ಆ ಗ್ರಿಡ್‌ನ ನಂತರ, ಅಡಗಿದರೆ ಅದಕ್ಕಿಂತ ಮೊದಲು. ಎರಡು ಗ್ರಿಡ್‌ಗಳ ನಡುವೆ ದೋಷ ಸಿಕ್ಕಿಬಿದ್ದ ಮೇಲೆ ನೋಡಬೇಕಾದ್ದು ಏಳೆಂಟು ಭಾಗಗಳು ಮಾತ್ರ.

ಪದೇ ಪದೇ ಸಿಗುವ ಅಪರಾಧಿಗಳು

ಆಕ್ಟಲ್ (ಎಂಟು ಪಿನ್ನಿನ ಬುಡದ) ಗಾಜಿನ ವಾಲ್ವ್‌ಗಳ ಪಿನ್ನುಗಳು ಟೊಳ್ಳು; ಒಳಗಿನ ತಂತಿಯನ್ನು ತುದಿಯಲ್ಲಿ ಬೆಸೆದಿರುತ್ತಾರೆ. ಆ ಬೆಸುಗೆ ಸಡಿಲವಾದರೆ ವಾಲ್ವ್ ಟೆಸ್ಟರ್‌ನಲ್ಲಿ ಪಾಸ್, ಸೆಟ್‌ನಲ್ಲಿ ಫೇಲ್. ಕಾದ ಸೋಲ್ಡರಿಂಗ್ ಐರನ್ ತುದಿಯನ್ನು ಪಿನ್ನಿಗೆ ಹಿಡಿದು ಸ್ವಲ್ಪ ಹೊಸ ಸೀಸ ಕೊಟ್ಟರೆ ‘ಸತ್ತ’ ವಾಲ್ವ್‌ಗಳಲ್ಲಿ ಕೆಲವು ಬದುಕುತ್ತವೆ. ಲೋಹದ ವಾಲ್ವ್‌ಗಳಲ್ಲಿ ಹೀಟರ್ ಉರಿಯುವುದು ಕಾಣುವುದಿಲ್ಲ. 6ಎಸ್‌ಕೆ7, 6ವಿ6ಗಳಲ್ಲಿ ಹೀಟರ್ ಪಿನ್ನುಗಳು 2 ಮತ್ತು 7, 6ಎಸ್‌ಕ್ಯೂ7ರಲ್ಲಿ 7 ಮತ್ತು 8. ಅಲ್ಲಿ 6.3 ವೋಲ್ಟ್ ಇದ್ದೂ ವಾಲ್ವ್ ತಣ್ಣಗಿದ್ದರೆ ಹೀಟರ್ ಒಳಗೇ ಬಿಟ್ಟಿದೆ.

ಸಾಕೆಟ್‌ನ ಅರ್ತ್ ಲಗ್‌ಗಳನ್ನು ಷಾಸಿಗೆ ರಿವೆಟ್ ಹೊಡೆದಿರುತ್ತಾರೆ. ದಶಕಗಳ ತುಕ್ಕಿಗೆ ಆ ಸಂಪರ್ಕ ಹೋಗುತ್ತದೆ. ಕಣ್ಣಿಗೆ ಏನೂ ಕಾಣದ, ಎಲ್ಲಿ ತಟ್ಟಿದರೂ ಬರುವ ದೋಷಕ್ಕೆ ಇದು ಕಾರಣವಾಗಿರುವುದು ಬಹಳ. ಲಗ್‌ಗಳನ್ನೆಲ್ಲ ಒಂದು ದಪ್ಪ ತಾಮ್ರದ ತಂತಿಯಿಂದ ಸೇರಿಸಿ ಬೆಸೆಯಿರಿ.

1950ರ ದಶಕದ ಮತ್ತು ನಂತರದ ಅಮೆರಿಕನ್ ಸೆಟ್‌ಗಳ ಚಿಕ್ಕ ಐಎಫ್‌ಟಿಗಳ ಬುಡದಲ್ಲಿ ಬೆಳ್ಳಿ ಲೇಪಿಸಿದ ಮೈಕಾ ಹಾಳೆಯೇ ಕಂಡೆನ್ಸರ್. ಎಚ್‌ಟಿ ಮತ್ತು ತೇವ ಸೇರಿ ಆ ಬೆಳ್ಳಿ ಮೈಕಾ ಮೇಲೆ ಹರಿದಾಡಿ ಪ್ರೈಮರಿಯಿಂದ ಸೆಕೆಂಡರಿಗೆ ಸೇತುವೆಯಾಗುತ್ತದೆ. ಮುಂದಿನ ವಾಲ್ವ್ ತೆಗೆದು ಅದರ ಗ್ರಿಡ್ ಪಿನ್ನಿನಲ್ಲಿ ಡಿಸಿ ಅಳೆಯಿರಿ; ಪಾಸಿಟಿವ್ ವೋಲ್ಟೇಜ್ ಕುಣಿಯುತ್ತಿದ್ದರೆ ಅಪರಾಧಿ ಇದೇ. ಎಸಿ-ಡಿಸಿ ಸೆಟ್‌ನಲ್ಲಿ ಹೀಟರ್‌ಗಳು ಸೀರೀಸ್‌ನಲ್ಲಿರುವುದರಿಂದ ವಾಲ್ವ್ ತೆಗೆದರೆ ಎಲ್ಲವೂ ಆರುತ್ತದೆ, ಅಲ್ಲಿ ಸೆಕೆಂಡರಿಯ ತಂತಿ ಬಿಡಿಸಿಯೇ ಅಳೆಯಬೇಕು. ಮೈಕಾ ತೆಗೆದುಹಾಕಿ ಅಷ್ಟೇ ಬೆಲೆಯ 500 ವೋಲ್ಟ್ ಮೈಕಾ ಕಂಡೆನ್ಸರ್‌ಗಳನ್ನು ಕಾಯಿಲ್‌ಗಳಿಗೆ ಬೆಸೆದು, ಆ ಒಂದು ಐಎಫ್‌ಟಿಯನ್ನು ಮಾತ್ರ ಮತ್ತೆ ಟ್ಯೂನ್ ಮಾಡಿ. ಬೇರೆ ಕೋರ್‌ಗಳನ್ನು ಮುಟ್ಟಬೇಡಿ, ದಯವಿಟ್ಟು.

ದನಿ ನಿಧಾನವಾಗಿ ಒಡೆಯುತ್ತಾ ಹೋದರೆ 6ವಿ6ರ ಕಂಟ್ರೋಲ್ ಗ್ರಿಡ್‌ನಲ್ಲಿ, ಅಂದರೆ 5ನೇ ಪಿನ್ನಿನಲ್ಲಿ ಅಳೆಯಿರಿ. ಪಾಸಿಟಿವ್ ವೋಲ್ಟೇಜ್ ಇದ್ದರೆ ವಾಲ್ವ್ ತೆಗೆದು ಮತ್ತೆ ಅಳೆಯಿರಿ. ಆಗಲೂ ಉಳಿದರೆ ಕಪ್ಲಿಂಗ್ ಕಂಡೆನ್ಸರ್ ಲೀಕ್, ಹೋದರೆ ವಾಲ್ವೇ ಕೆಟ್ಟಿದೆ. ಕಾಗದದ ಕಂಡೆನ್ಸರ್ ಬದಲು 630 ವೋಲ್ಟ್‌ನ ಪಾಲಿಯೆಸ್ಟರ್ ಹಾಕಿ. ಮೈಸೂರಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಬ್ಯಾಂಡ್ ಸ್ವಿಚ್, ಗ್ಯಾಂಗ್‌ನ ಸ್ಪ್ರಿಂಗ್ ಕಾಂಟ್ಯಾಕ್ಟ್, ಎಚ್‌ಆರ್‌ಒದ ಕಾಯಿಲ್ ಪೆಟ್ಟಿಗೆಯ ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಸಣ್ಣ ಬ್ರಷ್ ಸಾಕು. ಸ್ಪ್ರೇ ಡಬ್ಬಿಯಿಂದ ತೋಯಿಸಿದರೆ ಸ್ವಿಚ್ಚಿನ ಫಿನಾಲಿಕ್ ಬಿಲ್ಲೆ ಅದನ್ನು ಹೀರಿಕೊಂಡು ಹೊಸ ಲೀಕೇಜ್ ಶುರುವಾಗುತ್ತದೆ. ಹಿಂದಿನ ಮೆಕ್ಯಾನಿಕ್‌ಗಳು ಬಳಸುತ್ತಿದ್ದ ಸಿಟಿಸಿ (ಕಾರ್ಬನ್ ಟೆಟ್ರಾಕ್ಲೋರೈಡ್) ಲಿವರ್‌ಗೆ ವಿಷ, ಎಲ್ಲಾದರೂ ಹಳೆಯ ಶೀಷೆ ಸಿಕ್ಕಿದರೂ ಬಳಸಬೇಡಿ.

ರಿಪೇರಿಯ ನಂತರ

ಯಾವ ಪ್ರಚೋದನೆಗೆ ದೋಷ ಬರುತ್ತಿತ್ತೋ ಅದನ್ನೇ ಮತ್ತೆ ಕೊಡಿ: ಅದೇ ಜಾಗದಲ್ಲಿ ಅದೇ ಕಡ್ಡಿ, ಅದೇ ಬಿಸಿ, ವೇರಿಯಾಕ್‌ನಲ್ಲಿ 190ರಿಂದ 245. ಬರದಿದ್ದರೆ ಕ್ಯಾಬಿನೆಟ್ ಮುಚ್ಚಿ ಒಂದು ವಾರ ದಿನವೂ ಮೂರು ನಾಲ್ಕು ಗಂಟೆ ಓಡಿಸಿ. ಮುಚ್ಚಿದ ಪೆಟ್ಟಿಗೆಯ ಬಿಸಿ ಮೇಜಿನ ಮೇಲೆ ತೆರೆದಿಟ್ಟ ಷಾಸಿಗೆ ಸಿಗುವುದಿಲ್ಲ. ಕಿತ್ತ ಭಾಗವನ್ನು ಚೀಟಿ ಕಟ್ಟಿ ಇಟ್ಟುಕೊಳ್ಳಿ, ಎಸೆಯಬೇಡಿ. ಕೊನೆಗೆ ಒಂದು ಹಾಳೆಯಲ್ಲಿ ಬದಲಿಸಿದ ಭಾಗ, ದಿನಾಂಕ, 230 ವೋಲ್ಟ್‌ನಲ್ಲಿ ಸಿಕ್ಕ ಎಚ್‌ಟಿ, ಪ್ರತಿ ಬ್ಯಾಂಡ್‌ನಲ್ಲೂ ಆಸಿಲೇಟರ್ ಗ್ರಿಡ್‌ನ ನೆಗೆಟಿವ್ ವೋಲ್ಟೇಜ್, ಎಷ್ಟು ಮೇನ್ಸ್‌ಗೆ ಆಸಿಲೇಟರ್ ನಿಲ್ಲುತ್ತದೆ ಎಂಬುದನ್ನು ಬರೆದು ಕ್ಯಾಬಿನೆಟ್‌ನ ಒಳಮೈಗೆ ಅಂಟಿಸಿ. ಮುಂದಿನ ವರ್ಷ ಅದೇ ಅಂಕಿಗಳನ್ನು ಮತ್ತೆ ಅಳೆದಾಗ 185ಕ್ಕೆ ನಿಲ್ಲುತ್ತಿದ್ದ ಆಸಿಲೇಟರ್ 205ಕ್ಕೇ ನಿಂತರೆ ಹೊಸ ವಾಲ್ವ್ ಹುಡುಕಲು ಆಗಲೇ ಶುರುಮಾಡಬಹುದು.